ಆಶ್ರಯಾಂತರ

ಒಂದು ಆಶ್ರಯವನ್ನು ಬಿಟ್ಟು ಮತ್ತೊಂದನ್ನು ಸೇರಹೊರಟ ಜೀವನು ಮೊದಲಿನದನ್ನು ಯಾವ ಕ್ಷಣದಲ್ಲಿ ಬಿಡತಕ್ಕದ್ದು, ಆ ಕ್ಷಣವನ್ನು ನಿರ್ಣಯಿಸುವ ಅಧಿಕಾರ ಯಾರದು, ಬಿಟ್ಟು ಹೋದ ಮೇಲೂ ಅವನು ಅವನೇ ಎಂಬುದಕ್ಕೆ ಸಾಕ್ಷಿ ಯಾರು ಎಂಬ ಪ್ರಶ್ನೆಗಳು ಜನಕರಾಜನ ಸಭೆಯಿಂದ ಹಿಡಿದು ಕಲ್ಯಾಣದ ಶರಣರವರೆಗೆ ನಮ್ಮ ಹಿರಿಯರನ್ನು ಕಾಡಿದಂಥವು. ಅವು ಇಂದು ಅಡರಕಟ್ಟಿಯಂಥ ಎರೆನಾಡಿನ ಸಣ್ಣ ಊರಿನಿಂದ ಲಕ್ಷ್ಮೇಶ್ವರಕ್ಕೋ ಗದಗಿಗೋ ಹುಬ್ಬಳ್ಳಿಗೋ ಓದಲು ಹೋಗುವ ಮಕ್ಕಳ ಅಂಗೈಯಲ್ಲಿ, ಅವರು ಹಿಡಿದ ಮೊಬೈಲಿನಲ್ಲಿ, ದಿನವೂ ಎದುರಾಗುತ್ತಿವೆ ಎಂದರೆ ಓದುಗರಿಗೆ ಮೊದಲಿಗೆ ವಿಚಿತ್ರವೆನಿಸೀತು. ವೈಫೈಯ ರೋಮಿಂಗ್ ಎಂಬ ವ್ಯವಹಾರವನ್ನು ಬಲ್ಲವರಿಂದ ಕೇಳಿ ತಿಳಿದ ಮೇಲೆ ನನಗಾದರೋ ಅದು ವಿಚಿತ್ರವೆನಿಸದೆ, ಹಳೆಯ ವೇದಾಂತಚರ್ಚೆಯೊಂದು ಕಣ್ಣೆದುರು ಪ್ರಯೋಗರೂಪದಲ್ಲಿ ನಡೆಯುತ್ತಿರುವಂತೆ ತೋರಿತು.

ವಿದ್ಯಾಲಯದ ವಿಶಾಲವಾದ ಆವರಣದಲ್ಲಿ ವೈಫೈ ಒಂದೇ ಹೆಸರಿನಿಂದ ಕಾಣಿಸಿಕೊಂಡರೂ ಆ ಹೆಸರಿನ ಹಿಂದೆ ಹತ್ತಾರು, ಕೆಲವೆಡೆ ನೂರಾರು, ಸಿಗ್ನಲನ್ನು ಬೀರುವ ಆಕ್ಸೆಸ್ ಪಾಯಿಂಟುಗಳಿರುತ್ತವೆ. ವಿದ್ಯಾರ್ಥಿಯು ಗ್ರಂಥಾಲಯದಿಂದ ಹೊರಟು ಹಾಸ್ಟೆಲಿನ ಕಡೆಗೆ ನಡೆಯುತ್ತ ಹೋದಂತೆ ಅವನ ಮೊಬೈಲು ಹಿಂದಿನ ಪಾಯಿಂಟನ್ನು ಬಿಟ್ಟು ಮುಂದಿನದನ್ನು ಹಿಡಿಯಬೇಕು. ಹಿಡಿಯದೆ, ಗ್ರಂಥಾಲಯದ ಕ್ಷೀಣಿಸಿದ ಸಿಗ್ನಲ್ಲಿಗೇ ಅಂಟಿಕೊಂಡು, ತಲೆಯ ಮೇಲೆಯೇ ಬಲವಾದ ಪಾಯಿಂಟೊಂದು ಇರುವಾಗ ಕರೆ ತುಂಡಾಗಿ ಹೋದರೆ, ನೋಡುವವರು ಸಾಮಾನ್ಯವಾಗಿ ದೂರುವುದು ಪಾಯಿಂಟನ್ನು. ಆದರೆ ವೈಫೈಗೆ ಆಧಾರವಾದ 802.11 ಎಂಬ ನಿಯಮಾವಳಿಯಲ್ಲಿ ಬಿಡುವ ಮತ್ತು ಹಿಡಿಯುವ ನಿರ್ಣಯವನ್ನು ಚಲಿಸುವ ಸಾಧನಕ್ಕೇ ಒಪ್ಪಿಸಲಾಗಿದೆ. 2011ರಲ್ಲಿ ಸೇರ್ಪಡೆಯಾದ 802.11ವಿ ಎಂಬ ವಿಧಿಯ ಮೇರೆಗೆ ಪಾಯಿಂಟು ‘ನೀನು ಇನ್ನು ಅಲ್ಲಿಗೆ ಹೋಗುವುದು ಲೇಸು’ ಎಂದು ಸಲಹೆ ಕೊಡಬಹುದು. ಸಾಧನವು ಆ ಸಲಹೆಯನ್ನು ಕೇಳಲೂಬಹುದು, ಬಿಡಲೂಬಹುದು. ಬಲವಂತದಿಂದ ಹೊರಗೆ ತಳ್ಳುವ ಉಪಾಯವೂ ಉಂಟು. ಆದರೆ ಹಾಗೆ ತಳ್ಳಲ್ಪಟ್ಟ ಸಾಧನವು ಎಷ್ಟೋ ಬಾರಿ ತಿರುಗಿ ಅದೇ ಬಾಗಿಲಿಗೆ ಬಂದು ನಿಲ್ಲುವುದನ್ನು ಈ ಕೆಲಸದವರು ಬಲ್ಲರು. ಗುರುವಿನ ಕೃಪೆಯೊ ಶಿಷ್ಯನ ಪ್ರಯತ್ನವೊ ಎಂಬ ವಿವಾದದಲ್ಲಿ ಎರಡು ಪಕ್ಷಗಳಿಗೂ ಘನವಾದ ಆಧಾರಗಳಿವೆ; ಬಿಡುವಿಕೆಯೊಂದರ ಮಟ್ಟಿಗೆ ಮಾತ್ರ, ಒಳಗಿನಿಂದ ಬಾರದ ತ್ಯಾಗವನ್ನು ಹೊರಗಿನ ಯಾವ ಕೈಯೂ ಮಾಡಿಸಲಾರದೆಂಬ ಪಕ್ಷವೇ ನನ್ನದು.

ಬೃಹದಾರಣ್ಯಕೋಪನಿಷತ್ತಿನಲ್ಲಿ ಯಾಜ್ಞವಲ್ಕ್ಯರು ಜನಕನಿಗೆ ದೇಹಾಂತರವನ್ನು ವಿವರಿಸುತ್ತ ಹುಲ್ಲಿನ ಹುಳುವಿನ ದೃಷ್ಟಾಂತವನ್ನು ಕೊಡುತ್ತಾರೆ: ಅದು ಒಂದು ಗರಿಕೆಯ ತುದಿಯನ್ನು ಮುಟ್ಟಿದಾಗ ಮತ್ತೊಂದನ್ನು ಆಶ್ರಯಿಸಿದ ಬಳಿಕವೇ ತನ್ನನ್ನು ಅತ್ತ ಸೆಳೆದುಕೊಳ್ಳುತ್ತದೆ, ಆತ್ಮನೂ ಹಾಗೆಯೇ. ಇದನ್ನು ಅಕ್ಷರಶಃ ತೆಗೆದುಕೊಂಡರೆ ಜೀವನು ಒಂದು ಕ್ಷಣದ ಮಟ್ಟಿಗಾದರೂ ಎರಡು ದೇಹಗಳಲ್ಲಿ ಕಾಲಿಟ್ಟಿರಬೇಕಾಗುತ್ತದೆ. ಶಂಕರಾಚಾರ್ಯರು ಬ್ರಹ್ಮಸೂತ್ರಗಳ ಮೂರನೆಯ ಅಧ್ಯಾಯದ ಆರಂಭದಲ್ಲಿ ಈ ತೊಡಕನ್ನು ಎತ್ತಿಕೊಂಡು, ಮುಂದಕ್ಕೆ ಚಾಚುವುದು ಜೀವನಲ್ಲ, ಮುಂದೆ ಪಡೆಯಲಿರುವ ದೇಹವನ್ನು ಕುರಿತ ಭಾವನೆ ಮಾತ್ರ, ಹುಳುವಿನ ಸಾಮ್ಯವಿರುವುದು ಆ ಭಾವನೆ ದೀರ್ಘವಾಗುವುದರಲ್ಲಿ ಎಂದು ಬಿಡಿಸಿದರು. ಈ ಸೂಕ್ಷ್ಮವು ನನಗೆ ಬಹುಕಾಲ ಪಾಂಡಿತ್ಯದ ಕೌಶಲವೆಂದೇ ತೋರಿತ್ತು. ಅದರ ಸತ್ತ್ವವನ್ನು ಕಾಣಿಸಿಕೊಟ್ಟದ್ದು ಈ ಯಂತ್ರ. ಏಕೆಂದರೆ ಸಾಮಾನ್ಯ ಮೊಬೈಲಿನ ವೈಫೈ ಸಂಬಂಧವೂ ಒಂದು ಹೊತ್ತಿಗೆ ಒಂದೇ ಪಾಯಿಂಟಿನೊಡನೆ. ಎರಡರಲ್ಲಿ ಕಾಲಿಡುವುದು ಅದಕ್ಕೂ ಸಲ್ಲದು. ಅದು ಮುಂದಕ್ಕೆ ಚಾಚಬಲ್ಲದ್ದು ತಿಳಿವಳಿಕೆಯನ್ನು. 2008ರ 802.11ಕೆ ವಿಧಿಯಲ್ಲಿ ಈಗಿನ ಪಾಯಿಂಟೇ ತನ್ನ ನೆರೆಹೊರೆಯ ಪಾಯಿಂಟುಗಳ ಪಟ್ಟಿಯನ್ನು ಸಾಧನಕ್ಕೆ ಕೊಡುತ್ತದೆ. ಅದೇ ವರ್ಷದ 802.11ಆರ್ ವಿಧಿಯಲ್ಲಿ ಮುಂದಿನ ಪಾಯಿಂಟಿನೊಡನೆ ಬೇಕಾದ ರಹಸ್ಯಕೀಲಿಯ ಸಿದ್ಧತೆಯು, ಹಿಂದಿನದನ್ನು ಬಿಡುವ ಮುನ್ನವೇ, ಆ ಹಿಂದಿನ ಪಾಯಿಂಟಿನ ಮೂಲಕವೇ ಆಗಬಹುದು. ಇವು ಇಲ್ಲದ ಕಡೆ, ಪ್ರತಿ ಬಾಗಿಲಲ್ಲೂ ಹೆಸರು, ಪಾಸ್‌ವರ್ಡುಗಳ ಪರೀಕ್ಷೆ ಮೊದಲಿನಿಂದ ನಡೆಯಬೇಕಾಗಿ ಬಂದು, ಆ ಅಂತರದಲ್ಲಿ ಮಾತು ಕಡಿದುಹೋಗುತ್ತದೆ. ಬಿಡಲಿರುವ ಆಶ್ರಯವೇ ಮುಂದಿನ ಆಶ್ರಯದ ದಾರಿಯನ್ನು ತಿಳಿಸಿಕೊಡುವುದು ನನಗೆ ಅತ್ಯಂತ ಪೂಜ್ಯವಾಗಿ ಕಾಣುತ್ತದೆ. ಉತ್ತಮನಾದ ಗುರುವು ತನ್ನಿಂದ ಆಚೆಗಿನದನ್ನು ಶಿಷ್ಯನಿಗೆ ತಾನೇ ಹೇಳಿಕೊಡುತ್ತಾನೆ.

ಬಿಡುವಿಕೆಯೊಂದೇ ಸದ್ಗುಣವೆಂದು ಇದರಿಂದ ತಿಳಿಯಲಾಗದು. ಸ್ವಲ್ಪ ಹೆಚ್ಚು ಬಲ ಕಂಡ ಮಾತ್ರಕ್ಕೆ ಅತ್ತ ಹಾರಿ, ಮರುಗಳಿಗೆಯಲ್ಲಿ ಇತ್ತ ಹಾರುವ ಸಾಧನವು ಎಲ್ಲಿಯೂ ನೆಲೆನಿಲ್ಲದೆ ಕೆಡುತ್ತದೆ. ಆ್ಯಪಲ್ ಸಂಸ್ಥೆಯು ತನ್ನ ಐಫೋನುಗಳ ವಿಷಯವಾಗಿ ಪ್ರಕಟಿಸಿರುವ ಕ್ರಮದಲ್ಲಿ, ಸಿಗ್ನಲಿನ ಬಲವು ಋಣ 70 ಡಿಬಿಎಂಗಿಂತ ಕುಗ್ಗುವವರೆಗೆ ಹೊಸ ಆಶ್ರಯದ ಶೋಧವೇ ಇಲ್ಲ. ಕುಗ್ಗಿದ ಮೇಲೂ, ಮಾಹಿತಿಯು ಹರಿಯುತ್ತಿರುವಾಗ ಹೊಸದು 8 ಡೆಸಿಬೆಲ್‌ನಷ್ಟು, ಸುಮ್ಮನಿರುವಾಗ 12 ಡೆಸಿಬೆಲ್‌ನಷ್ಟು ಮೇಲಾಗಿದ್ದರೆ ಮಾತ್ರ ಸ್ಥಳಾಂತರ. ವೈರಾಗ್ಯಕ್ಕಿಂತ ಮೊದಲು ವಿವೇಕವನ್ನು ಎಣಿಸಿದ ನಮ್ಮ ಸಾಧನಚತುಷ್ಟಯದ ಕ್ರಮಕ್ಕೆ ಇದು ದೂರವಾದುದಲ್ಲ.

ಅಂಟಿಕೊಂಡವನ ಕಷ್ಟವು ಅವನೊಬ್ಬನದೆಂದು ಭಾವಿಸುವುದೂ ಸರಿಯಲ್ಲ. ದೂರದಲ್ಲಿ ಜೋತುಬಿದ್ದ ಸಾಧನವು ಬಹು ನಿಧಾನಗತಿಯಲ್ಲಿ ಮಾತನಾಡಬೇಕಾಗುತ್ತದೆ. ಅದು ತನ್ನ ಒಂದು ಮಾತನ್ನು ಮುಗಿಸುವಷ್ಟರಲ್ಲಿ, ಅದೇ ಪಾಯಿಂಟನ್ನು ಆಶ್ರಯಿಸಿ ಹತ್ತಿರದಲ್ಲಿ ಕುಳಿತವರ ಹತ್ತಾರು ಮಾತುಗಳ ಹೊತ್ತು ಕಳೆದುಹೋಗಿರುತ್ತದೆ. ಮೋಹವು ಖಾಸಗಿಯಾದ ದೋಷವೆಂದು ನಂಬುವವರು ಇದನ್ನು ಗಮನಿಸಬೇಕು.

ಇನ್ನು ಸಾಕ್ಷಿಯ ಪ್ರಶ್ನೆ. ನಮ್ಮ ಸೀಮೆಯ ಪುಲಿಗೆರೆ, ಅಂದರೆ ಈಗಿನ ಲಕ್ಷ್ಮೇಶ್ವರ, ಇದಕ್ಕೆ ಹೇಳಿಮಾಡಿಸಿದ ಸ್ಥಳ. ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಬಂದ ಆದಯ್ಯನು ಇಲ್ಲಿ ಜೈನ ಮನೆತನದ ಪದ್ಮಾವತಿಯನ್ನು ವರಿಸಿ ನೆಲೆಸಿ, ಕೊನೆಗೆ ತನ್ನ ನಾಡಿನ ಸೋಮನಾಥನನ್ನೇ ಇಲ್ಲಿಗೆ ತಂದನೆಂಬ ಕಥೆಯನ್ನು ಹರಿಹರನೂ ರಾಘವಾಂಕನೂ ಹಾಡಿದ್ದಾರೆ. ಆ ಕಥೆಯಲ್ಲಿ ಮತಕಲಹದ ಕಾವಿದೆ, ಅದನ್ನು ನಾನು ಮರೆಮಾಚಲಾರೆ. ನನ್ನ ಮನಸ್ಸು ನಿಲ್ಲುವುದು ಬೇರೊಂದು ಸಂಗತಿಯಲ್ಲಿ. ಪುಲಿಗೆರೆಯಲ್ಲಿ ಬಾಳಿ, ಕನ್ನಡದಲ್ಲಿ ವಚನಗಳನ್ನು ಬರೆದ ಆದಯ್ಯನ ಅಂಕಿತವು ‘ಸೌರಾಷ್ಟ್ರ ಸೋಮೇಶ್ವರ’. ಭಾಷೆಯು ಬಂದು ಸೇರಿದ ಊರಿನದು, ಅಂಕಿತವು ಬಿಟ್ಟುಬಂದ ಊರಿನದು. ವಿದ್ಯಾಲಯಗಳ ನಡುವೆ ಈ ಶತಮಾನದ ಆರಂಭದಲ್ಲಿ ಯೂರೋಪಿನಲ್ಲಿ ಹುಟ್ಟಿ ಇಂದು ನೂರಕ್ಕೂ ಹೆಚ್ಚು ದೇಶಪ್ರದೇಶಗಳಲ್ಲಿ ಹಬ್ಬಿರುವ, ಭಾರತದಲ್ಲಿ ಅರ್ನೆಟ್ ಸಂಸ್ಥೆಯು ನಡೆಸುತ್ತಿರುವ ಎಡುರೋಮ್ ಎಂಬ ವ್ಯವಸ್ಥೆಯು ನಿಂತಿರುವುದು ಇಂಥದೇ ಅಂಕಿತದ ಮೇಲೆ. ಒಂದು ವಿದ್ಯಾಲಯದವನು ಪರಸ್ಥಳದ ವಿದ್ಯಾಲಯಕ್ಕೆ ಹೋದಾಗ, ಅಲ್ಲಿನವರು ಅವನ ಪಾಸ್‌ವರ್ಡನ್ನು ತಾವು ನೋಡುವುದಿಲ್ಲ. ಅವನ ಹೆಸರಿಗೆ ಅಂಟಿಕೊಂಡ ಮೂಲಸ್ಥಾನವನ್ನು ಓದಿ, ಮುಚ್ಚಿದ ಲಕೋಟೆಯನ್ನು ಅಲ್ಲಿಗೇ ಕಳುಹಿಸಿ, ‘ಇವನು ನಮ್ಮವನು’ ಎಂಬ ಉತ್ತರವು ಬಂದೊಡನೆ ಬಾಗಿಲನ್ನು ತೆರೆಯುತ್ತಾರೆ. ವ್ಯವಸ್ಥೆ ಸರಿಯಾಗಿದ್ದರೆ, ಬಂದವನು ಯಾರೆಂಬುದೂ ಅವರಿಗೆ ತಿಳಿಯದೆ, ಎಲ್ಲಿಂದ ಬಂದನೆಂಬುದಷ್ಟೇ ತಿಳಿಯುತ್ತದೆ. ಸಂಚಾರಿಯ ಗುರುತು ಅವನು ನಿಂತ ಸ್ಥಳದಲ್ಲಿ ಇಲ್ಲ. ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿ ಊರೂರು ತಿರುಗುವ ಜಂಗಮಪರಂಪರೆಯ ನಾಡಿಗೆ ಇದು ಹೊಸ ಸಂಗತಿಯಾಗಲಾರದು.

ಇಷ್ಟು ಹೊತ್ತೂ ಚಲಿಸುವವನ ಹೊಣೆಯನ್ನೇ ಹೇಳಿದೆನು. ಆಶ್ರಯವು ನಿರ್ದೋಷಿಯೆಂದು ಯಾರೂ ಎಣಿಸದಿರಲಿ. ಕಾಲೇಜೊಂದರಲ್ಲಿ ಈ ಕೆಲಸವನ್ನು ನೋಡಿಕೊಳ್ಳುವ ನಮ್ಮೂರಿನ ಹುಡುಗನೊಬ್ಬ ನನಗೆ ಹೀಗೆಂದನು: “ಕಾಕಾರ, ಮೊಬೈಲಿನ್ಯಾಗ ಕಡ್ಡಿ ಪೂರಾ ತೋರಸ್ತೈತ್ರಿ. ಪಾಯಿಂಟ್ ಹೇಳಿದ್ದು ಇದಕ್ಕ ಕೇಳಸ್ತೈತಿ, ಇದು ಹೇಳಿದ್ದು ಅದಕ್ಕ ಕೇಳಸೂದಿಲ್ರಿ.” ಪಾಯಿಂಟುಗಳನ್ನು ಕೂಡಿಸುವವರು ಸಿಗ್ನಲ್ ದೂರ ಹೋಗಲೆಂಬ ಸದುದ್ದೇಶದಿಂದ ಅವುಗಳ ಬಲವನ್ನು 100 ಮಿಲಿವಾಟ್‌ಗೋ ಅದಕ್ಕೂ ಮೇಲಕ್ಕೋ ಏರಿಸಿಬಿಡುತ್ತಾರೆ, ಪುಟ್ಟ ಬ್ಯಾಟರಿಯನ್ನು ನೆಚ್ಚಿದ ಮೊಬೈಲಿನ ಬಲವು ಬಹುಮಟ್ಟಿಗೆ ಅದಕ್ಕಿಂತ ತೀರ ಕಡಿಮೆ. ಆದುದರಿಂದ ದೂರದ ಸಾಧನಕ್ಕೆ ಪಾಯಿಂಟಿನ ಧ್ವನಿಯು ಸ್ಪಷ್ಟವಾಗಿ ಕೇಳಿ, ಆಶ್ರಯವು ಹತ್ತಿರದಲ್ಲಿಯೇ ಇದೆಯೆಂಬ ಭ್ರಾಂತಿಯುಂಟಾಗಿ, ಅದು ಬಿಡದೆ ಅಂಟಿಕೊಳ್ಳುತ್ತದೆ. ಅದರ ಕ್ಷೀಣಸ್ವರದ ಉತ್ತರವಾದರೋ ಪಾಯಿಂಟನ್ನು ತಲುಪುವುದೇ ಇಲ್ಲ. ಅಂಟಿಕೊಂಡದ್ದು ಮೊಬೈಲಾದರೂ ಅಂಟಿಸಿದ್ದು ಆ ದೊಡ್ಡ ಧ್ವನಿ. ಇದಕ್ಕೆ ಬಲ್ಲವರು ಮಾಡುವ ಚಿಕಿತ್ಸೆಯು ಪಾಯಿಂಟಿನ ಬಲವನ್ನು ತಗ್ಗಿಸುವುದು, ಅದರ ಕಿವಿಯು ಎಲ್ಲಿಯವರೆಗೆ ಕೇಳಬಲ್ಲದೋ ಅಲ್ಲಿಯವರೆಗೆ ಮಾತ್ರ ಅದರ ಧ್ವನಿಯು ಹೋಗುವಂತೆ ಮಾಡುವುದು.

ಇದನ್ನು ಕೇಳಿದಂದಿನಿಂದ ನಮ್ಮ ಮಠ, ಮಂದಿರ, ಪಂಥ, ಪೀಠಗಳನ್ನು ನಾನು ಬೇರೊಂದು ಅಳತೆಯಿಂದ ನೋಡುತ್ತಿದ್ದೇನೆ. ಇವರ ಉಪದೇಶವು ಎಷ್ಟು ದೂರ ಕೇಳಿಸುತ್ತದೆಂದು ಮೊದಲು ವಿಚಾರಿಸುತ್ತಿದ್ದೆನು. ಈಗ ವಿಚಾರಿಸುವುದು, ಹಾಗೆ ಕೇಳಿಸಿಕೊಂಡವನ ನರಳಿಕೆಯು ಇವರ ವರೆಗೆ ಬಂದು ಮುಟ್ಟುತ್ತದೆಯೆ ಎಂಬುದನ್ನು. ಧ್ವನಿವರ್ಧಕದಿಂದಲೂ ದೂರದರ್ಶನದಿಂದಲೂ ನೂರು ಹರದಾರಿ ಆಚೆಗೆ ಮುಟ್ಟುವ ಪ್ರವಚನವನ್ನು ನಂಬಿ, ಪಕ್ಕದ ಓಣಿಯಲ್ಲಿಯೇ ತನ್ನ ಮಾತನ್ನು ಕೇಳಬಲ್ಲ ಸಜ್ಜನನೊಬ್ಬನಿರುವುದನ್ನು ಕಾಣದೆ, ಉತ್ತರವಿಲ್ಲದ ಭಕ್ತಿಯಲ್ಲಿ ಆಯುಷ್ಯವನ್ನು ಸವೆಸಿದವರನ್ನು ಈ ಸೀಮೆಯಲ್ಲಿ ನಾನು ಕಂಡಿದ್ದೇನೆ. ಅವರ ಶ್ರದ್ಧೆಯನ್ನು ಮೂಢತೆಯೆಂದು ಜರೆಯಲು ನನಗೆ ಮನಸ್ಸಿಲ್ಲ, ಅದು ನ್ಯಾಯವೂ ಅಲ್ಲ.

ಹಾಗಾದರೆ ಪರಮಾಶ್ರಯನಾದ ಈಶ್ವರನ ವಿಷಯದಲ್ಲಿಯೂ ಧ್ವನಿಗೂ ಕಿವಿಗೂ ಈ ಅಂತರವುಂಟೆ ಎಂದು ಒಬ್ಬನು ಕೇಳಬಹುದು. ಶ್ವೇತಾಶ್ವತರ ಋಷಿಗಳು ಅವನನ್ನು ಕಿವಿಯಿಲ್ಲದೆ ಕೇಳುವವನೆಂದು ವರ್ಣಿಸಿದ್ದಾರೆ. ಎಂದರೆ ಅವನ ಕೇಳುವಿಕೆಗೆ ಇಂದ್ರಿಯದ ಮೇರೆಯೇ ಇಲ್ಲ, ಅದು ತೀರಿಹೋಗುವ ಸ್ಥಳವೂ ಇಲ್ಲ. ಅಂತರವು ಹುಟ್ಟುವುದು ಅವನ ಪರವಾಗಿ ಮಾತನಾಡುವ ಮನುಷ್ಯರು ಅವನ ಧ್ವನಿಯನ್ನು ಮಾತ್ರ ಎರವಲು ಪಡೆದು, ಕಿವಿಯನ್ನು ಪಡೆಯದೆ ಹೋದಾಗ.