ಅಮ್ಮನ ಅಪಾಯ, ನನ್ನ ಲೆಕ್ಕ

2023ರ ಸೆಪ್ಟೆಂಬರ್ 20. ಅಮ್ಮ ತಿಪಟೂರಿನಿಂದ ನಮ್ಮ ಬರ್ಲಿಂಗ್ಟನ್ನಿಗೆ ಬರೋದಕ್ಕೆ ಇನ್ನು ಮೂರೇ ವಾರ ಬಾಕಿ. ಅವತ್ತು ಭಾರತದ ವಿದೇಶಾಂಗ ಸಚಿವಾಲಯ, ಕೆನಡಾದಲ್ಲಿರುವ ಮತ್ತು ಅಲ್ಲಿಗೆ ಹೊರಟಿರುವ ಭಾರತೀಯರು ಅತ್ಯಂತ ಎಚ್ಚರದಿಂದ ಇರಬೇಕು ಅಂತ ಸೂಚನೆ ಹೊರಡಿಸಿತು. ಎರಡು ದಿನದ ಹಿಂದಷ್ಟೇ ಟ್ರೂಡೊ, ಹರ್ದೀಪ್ ಸಿಂಗ್ ನಿಜ್ಜರ್ ಕೊಲೆಗೂ ಭಾರತದ ಏಜೆಂಟರಿಗೂ ನಂಟಿದೆ ಎಂಬ ಆರೋಪವನ್ನು ಸಂಸತ್ತಿನಲ್ಲಿ ಮಾಡಿದ್ದರು. ಭಾರತ ಅದನ್ನು ತಳ್ಳಿಹಾಕಿತ್ತು. ಮಾವ ಫೋನ್ ಮಾಡಿದರು. "ಏನಪ್ಪಾ, ಟೀವಿ ನೋಡಿದ್ಯಾ? ಅಕ್ಕನ್ನ ಈಗ ಕಳಿಸೋದು ಬೇಡ."

ನನಗೆ ನಗು ಬಂತು. "ಮಾವ, ಇಲ್ಲಿ ಸಂಜೆ ಏಳಾದ್ರೆ ರಸ್ತೇಲಿ ನಾಯಿ ಕರ್ಕೊಂಡು ಓಡಾಡೋರು ಬಿಟ್ರೆ ಯಾರೂ ಕಾಣಲ್ಲ" ಅಂದೆ.

ತಮಾಷೆ ಏನೆಂದರೆ, ಕೆನಡಾ ಸರ್ಕಾರವೂ ತನ್ನ ಪ್ರಜೆಗಳಿಗೆ ಭಾರತದ ಬಗ್ಗೆ ಇಂಥದ್ದೇ ಸೂಚನೆ ಕೊಡುತ್ತದೆ. ಅವರದು ನಾಲ್ಕು ಮೆಟ್ಟಿಲು: ಸಾಮಾನ್ಯ ಎಚ್ಚರಿಕೆ ಸಾಕು, ಹೆಚ್ಚಿನ ಎಚ್ಚರ ಬೇಕು, ಅಗತ್ಯವಿಲ್ಲದಿದ್ದರೆ ಹೋಗಬೇಡಿ, ಹೋಗಲೇಬೇಡಿ. ಭಾರತ ಎರಡನೇ ಮೆಟ್ಟಿಲಲ್ಲಿತ್ತು. ಅಂದರೆ ನನ್ನ ಸರ್ಕಾರದ ಕಣ್ಣಲ್ಲಿ ಅಮ್ಮನ ಊರು ಹುಷಾರಾಗಿರಬೇಕಾದ ಜಾಗ, ಅಮ್ಮನ ಸರ್ಕಾರದ ಕಣ್ಣಲ್ಲಿ ನನ್ನ ಊರು. ಅಮೆರಿಕದವರ ಪಟ್ಟಿಯಲ್ಲಿ ಕೆನಡಾ ಮೊದಲ ಮೆಟ್ಟಿಲಿನ ದೇಶ, ಎಲ್ಲಕ್ಕಿಂತ ಕಡಿಮೆ ಅಪಾಯದ್ದು. ಒಂದೇ ದೇಶ, ಯಾರು ಯಾರಿಗೆ ಹೇಳುತ್ತಿದ್ದಾರೆ ಅನ್ನೋದರ ಮೇಲೆ ಬಣ್ಣ ಬದಲಾಗುತ್ತೆ.

ಇದರಲ್ಲಿ ರಾಜಕೀಯ ಇದೆ, ಸರಿ. ಅದನ್ನು ಪಕ್ಕಕ್ಕಿಟ್ಟರೂ ಈ ಸೂಚನೆಗಳಲ್ಲಿ ಒಂದು ತೊಡಕು ಉಳಿಯುತ್ತದೆ. ಅವು ಒಬ್ಬ ಸರಾಸರಿ ಪ್ರಯಾಣಿಕನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಆತನಿಗೆ ಇಂಗ್ಲಿಷ್ ಬರುತ್ತೆ, ಮಂಡಿ ಗಟ್ಟಿಯಿದೆ, ಜೇಬಲ್ಲಿ ಕ್ರೆಡಿಟ್ ಕಾರ್ಡ್ ಇದೆ, ಎರಡು ವಾರದಲ್ಲಿ ವಾಪಸ್ ಹೋಗ್ತಾನೆ. ಎಪ್ಪತ್ತೊಂದು ವರ್ಷದ, ಬಿಪಿ ಮಾತ್ರೆ ನುಂಗುವ, ಸೂಪರ್ ವೀಸಾದಲ್ಲಿ ಬಂದು ತಿಂಗಳುಗಟ್ಟಲೆ ಮಗನ ಮನೆಯಲ್ಲಿ ಉಳಿಯುವ ಹೆಂಗಸು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಅಪಾಯ ಅನ್ನೋದು ದೇಶಕ್ಕೆ ಅಂಟಿಕೊಂಡ ಗುಣ ಅಲ್ಲ. ಒಂದು ದೇಹ, ಒಂದು ಜಾಗ ಪರಸ್ಪರ ಎದುರಾದಾಗ ಹುಟ್ಟುವಂಥದ್ದು.

ರಸ್ತೆಯನ್ನೇ ತಗೊಳ್ಳಿ. 2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ ಸತ್ತವರು 1 ಲಕ್ಷ 68 ಸಾವಿರಕ್ಕೂ ಹೆಚ್ಚು. ಕೆನಡಾದಲ್ಲಿ ಸುಮಾರು 1,900. ಜನಸಂಖ್ಯೆ ಲೆಕ್ಕ ಹಾಕಿ ನೋಡಿದರೂ ಇಲ್ಲಿನ ರಸ್ತೆ ಎರಡು ಪಟ್ಟಿಗಿಂತ ಹೆಚ್ಚು ಸುರಕ್ಷಿತ. ಆದರೆ ಅಮ್ಮ ಎಪ್ಪತ್ತು ವರ್ಷ ಮೊದಲು ಬಲಕ್ಕೆ ನೋಡಿ ರಸ್ತೆ ದಾಟಿದವರು. ಇಲ್ಲಿ ಗಾಡಿ ಮೊದಲು ಬರೋದು ಎಡದಿಂದ. ಸಾಲದ್ದಕ್ಕೆ ಒಂಟಾರಿಯೊದಲ್ಲಿ ಕೆಂಪು ದೀಪ ಇದ್ದರೂ ನಿಂತು ನೋಡಿ ಬಲಕ್ಕೆ ತಿರುಗಬಹುದು. ತಿಪಟೂರಿನ ಬಿ.ಎಚ್. ರಸ್ತೆಯನ್ನು ಕೈ ಅಡ್ಡ ಹಿಡಿದು ಲೀಲಾಜಾಲವಾಗಿ ದಾಟುವ ಅಮ್ಮ ಬ್ರ್ಯಾಂಟ್ ಸ್ಟ್ರೀಟಿನ ಸಿಗ್ನಲ್ಲಿನಲ್ಲಿ ಕಕ್ಕಾಬಿಕ್ಕಿಯಾಗಿ ನಿಂತಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಹಾಗಂತ ಬರ್ಲಿಂಗ್ಟನ್ನಿನಲ್ಲಿ ಏನೂ ಆಗೋದೇ ಇಲ್ಲ ಅಂತಲ್ಲ. 2012ರ ಫೆಬ್ರವರಿ 26ರಂದು ಇಲ್ಲೇ ಆಲ್ಡರ್‌ಶಾಟ್ ಬಳಿ ವಿಯಾ ರೈಲು ಹಳಿ ತಪ್ಪಿ ಎಂಜಿನ್ನಿನಲ್ಲಿದ್ದ ಮೂವರೂ ಸತ್ತರು. ಗಂಟೆಗೆ 15 ಮೈಲಿಯಲ್ಲಿ ಹಳಿ ಬದಲಿಸಬೇಕಿದ್ದ ರೈಲು 67 ಮೈಲಿಯಲ್ಲಿತ್ತು. 2014ರ ಆಗಸ್ಟ್ 4ರಂದು ಎರಡು ತಿಂಗಳ ಮಳೆ ಕೆಲವೇ ಗಂಟೆಗಳಲ್ಲಿ ಸುರಿದು ಸಾವಿರಾರು ಮನೆಗಳ ಬೇಸ್‌ಮೆಂಟಿಗೆ ನೀರು ನುಗ್ಗಿತು. ಊರಿಂದ ಬಂದ ಅಪ್ಪ ಅಮ್ಮಂದಿರನ್ನು ನಮ್ಮಲ್ಲಿ ಎಷ್ಟೋ ಮನೆಗಳವರು ಮಲಗಿಸೋದು ಎಲ್ಲಿ ಹೇಳಿ? ಬೇಸ್‌ಮೆಂಟಿನಲ್ಲೇ.

ಇನ್ನು ಕಯೋಟಿ, ನರಿಗೂ ತೋಳಕ್ಕೂ ನಡುವಿನ ಪ್ರಾಣಿ. ಇದರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅಮ್ಮ ಬಂದ ಮೂರನೇ ದಿನ ಮಹಾಲಯ ಅಮಾವಾಸ್ಯೆ. ಅಪ್ಪನಿಗೆ ಎಡೆ ಇಟ್ಟು, ಒಂದು ಬಾಳೆಲೆ ತುಂಡಿನಲ್ಲಿ ಅನ್ನ, ವಡೆ ಹಾಕಿ ಹಿತ್ತಲಿನ ಡೆಕ್ಕಿನ ಮೇಲೆ ಕಾಗೆಗೆ ಇಟ್ಟರು. ನಾನು ಹೋಗಿ ಎತ್ತಿಕೊಂಡು ಬಂದೆ. ಹಿಂದಿನ ವರ್ಷ, 2022ರ ಆಗಸ್ಟ್ ಕೊನೆಯಿಂದ ಸೆಪ್ಟೆಂಬರಿನವರೆಗೆ, ನಮ್ಮ ಊರಲ್ಲಿ ಕಯೋಟಿಗಳು ಏಳು ಮಂದಿಯ ಮೇಲೆ ಎರಗಿದ್ದವು. ಯಾಕೆ ಅಂತ ನಗರಸಭೆ ಹುಡುಕಿದಾಗ ಗೊತ್ತಾಗಿದ್ದು, ಜನ ಅವಕ್ಕೆ ಊಟ ಹಾಕ್ತಿದ್ದರು. ಕೈಯೂಟ ರೂಢಿಯಾದ ಪ್ರಾಣಿಗೆ ಮನುಷ್ಯನ ಭಯ ಹೋಗಿತ್ತು. ಕೊನೆಗೆ ಕೆಲವನ್ನು ಕೊಲ್ಲಬೇಕಾಯಿತು. ಕಾಡುಪ್ರಾಣಿಗೆ ಆಹಾರ ಹಾಕಿದರೆ ಇಲ್ಲಿ ದಂಡ.

ಎಲ್ಲ ವಿವರಿಸಿದೆ. ಅಮ್ಮ ಕೇಳಿಸಿಕೊಂಡರು. "ಪಾಪ, ಅನ್ನ ಹಾಕಿದ್ದಕ್ಕೆ ಅದರ ಪ್ರಾಣ ಹೋಯ್ತಾ?" ಅಂದರು. ಆಮೇಲೆ, "ಸರಿ, ನಾನೇ ಕಾವಲು ಕೂತ್ಕೊಳ್ತೀನಿ" ಅಂತ ಶಾಲು ಹೊದ್ದು, ಕುರ್ಚಿ ಹಾಕಿಕೊಂಡು, ಆ ಚಳಿಯಲ್ಲಿ ಮುಕ್ಕಾಲು ಗಂಟೆ ಕೂತರು. ಬಂದಿದ್ದು ಕಾಗೆ ಅಲ್ಲ, ನೀಲಿ ಬಣ್ಣದ ಒಂದು ಜೇ ಹಕ್ಕಿ. ಅದು ವಡೆ ಚೂರು ಕಚ್ಚಿಕೊಂಡು ಹಾರಿದ ಮೇಲೆ ಎಲೆ ಎತ್ತಿ, ಡೆಕ್ಕು ಒರೆಸಿ ಒಳಗೆ ಬಂದರು. "ನಿಮ್ಮಪ್ಪ ಇಲ್ಲಿಗೆ ಬಂದ್ರೆ ಕೋಟು ಹಾಕ್ಕೊಂಡೇ ಬರ್ತಾರೆ ಬಿಡು."

ಅವತ್ತೇ ನನಗೆ ಏನೋ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಡಿಸೆಂಬರ್ ಬಂತು, ನಾನು ಇನ್ನೊಂದು ಕಾನೂನು ಮಾಡಿದೆ: ಒಬ್ಬರೇ ಹೊರಗೆ ಹೋಗಬಾರದು. ಡಾಂಬರಿನ ಮೇಲೆ ಕಣ್ಣಿಗೆ ಕಾಣದಂತೆ ಕಟ್ಟುವ ಮಂಜುಗಡ್ಡೆಯ ಭಯ ನನಗೆ. ಸೊಂಟ ಮುರಿದರೆ? ನಾವಿಬ್ಬರೂ ಕೆಲಸಕ್ಕೆ ಹೋಗ್ತೀವಿ. ಐದು ವಾರ ಅಮ್ಮ ಕಿಟಕಿಯ ಪಕ್ಕ ಕೂತರು. ಒಂದು ಜನವರಿ ಮಧ್ಯಾಹ್ನ ನಾನು ಬೇಗ ಮನೆಗೆ ಬಂದರೆ ಅಮ್ಮ ಇಲ್ಲ. ಫೋನು ಟೇಬಲ್ಲಿನ ಮೇಲೆ. ಕಾರು ತೆಗೆದುಕೊಂಡು ಬೀದಿ ಬೀದಿ ಸುತ್ತಿದೆ. ಸ್ಪೆನ್ಸರ್ ಸ್ಮಿತ್ ಪಾರ್ಕಿನ ಬೆಂಚಿನ ಮೇಲೆ ಕೂತು ಒಂಟಾರಿಯೊ ಸರೋವರ ನೋಡುತ್ತಿದ್ದರು.

ಕೂಗಾಡಿದೆ. "ಕಾಲು ಮುರ್ಕೊಂಡ್ರೆ ಇನ್ಶೂರೆನ್ಸಿನೋರು ಸುಮ್ನೆ ದುಡ್ಡು ಕೊಡ್ತಾರೆ ಅಂದ್ಕೊಂಡಿದೀಯಾ?" ಅಂದೆ.

"ಮುರಿದ್ರೆ ನನ್ನ ಕಾಲಲ್ವೇನೋ?" ಅಂದರು ಅಮ್ಮ.

ಆ ಮಾತು ನಾಟಿದ್ದು ಬೇರೆ ಕಾರಣಕ್ಕೆ. ಅದನ್ನು ಇಲ್ಲಿ ಹೇಳಲೇಬೇಕು. ಸೂಪರ್ ವೀಸಾಕ್ಕೆ ಕನಿಷ್ಠ ಒಂದು ಲಕ್ಷ ಡಾಲರಿನ, ಒಂದು ವರ್ಷದ ಆರೋಗ್ಯ ವಿಮೆ ಕಡ್ಡಾಯ. ಒಂಟಾರಿಯೊದ ಸರ್ಕಾರಿ ವಿಮೆ ಭೇಟಿಗೆ ಬಂದವರಿಗೆ ಸಿಗುವುದಿಲ್ಲ. ನಾನು ಕೊಂಡ ಪಾಲಿಸಿಯಲ್ಲಿ ಒಂದು ಷರತ್ತಿತ್ತು: ಮೊದಲೇ ಇರುವ ಕಾಯಿಲೆ, ವಿಮೆ ಶುರುವಾಗುವ ಹಿಂದಿನ 180 ದಿನ ಸ್ಥಿರವಾಗಿರಬೇಕು. ಮಾತ್ರೆಯ ಪ್ರಮಾಣ ಬದಲಾದರೂ ಅದು ಸ್ಥಿರವಲ್ಲ, ಆ ಕಾಯಿಲೆಯ ಖರ್ಚು ಅವರು ಕೊಡಲ್ಲ. ಆಗಸ್ಟ್‌ನಲ್ಲಿ ಊರಿನ ಡಾಕ್ಟರು ಅಮ್ಮನ ಬಿಪಿ ಸ್ವಲ್ಪ ಜಾಸ್ತಿ ಇದೆ, ಡೋಸ್ ಏರಿಸೋಣ ಅಂದಿದ್ದರು. ನಾನು ಅವರಿಗೆ ಫೋನ್ ಮಾಡಿ, "ಸದ್ಯಕ್ಕೆ ಬೇಡ ಸಾರ್, ಉಪ್ಪು ಕಡಿಮೆ ಮಾಡಿಸ್ತೀವಿ" ಅಂತ ಒಪ್ಪಿಸಿದೆ. ಅಮ್ಮನಿಗೆ ಹೇಳಲಿಲ್ಲ.

ಇದನ್ನೇ ನಾನು ಅಪಾಯದ ಮೌಲ್ಯಮಾಪನ ಅಂದುಕೊಂಡಿದ್ದೆ. ಜಾಣತನ ಅಂತಲೂ ಅಂದುಕೊಂಡಿದ್ದೆ. ಆದದ್ದು ಏನು? ನನ್ನ ಬ್ಯಾಂಕ್ ಖಾತೆಯ ಅಪಾಯವನ್ನು ತೆಗೆದು ಅಮ್ಮನ ರಕ್ತನಾಳಕ್ಕೆ ಹಾಕಿದೆ. ಸುಳ್ಳು ಹೇಳಿರಲಿಲ್ಲ, ಕಾನೂನು ಮುರಿದಿರಲಿಲ್ಲ. ಲೆಕ್ಕ ಮಾಡಿದವನು ಒಬ್ಬ, ಹೊತ್ತವರು ಇನ್ನೊಬ್ಬರು, ಹೊತ್ತವರಿಗೆ ಗೊತ್ತೇ ಇಲ್ಲ. 1969ರಲ್ಲಿ ಚೌನ್ಸಿ ಸ್ಟಾರ್ ಎಂಬ ಅಮೆರಿಕದ ಎಂಜಿನಿಯರ್, ಜನ ತಾವೇ ಒಪ್ಪಿ ತೆಗೆದುಕೊಳ್ಳುವ ಅಪಾಯವನ್ನು, ಬೇರೆಯವರು ತಮ್ಮ ಮೇಲೆ ಹೇರುವ ಅಪಾಯಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚು ಸಹಿಸುತ್ತಾರೆ ಅಂತ ಅಂದಾಜು ಮಾಡಿದ್ದ. ಅದನ್ನು ಜನರ ಅವೈಜ್ಞಾನಿಕ ಭಾವನೆ ಅಂತ ಓದುವವರಿದ್ದಾರೆ. ನನಗೆ ಅದು ನ್ಯಾಯಪ್ರಜ್ಞೆ ಅನ್ನಿಸುತ್ತೆ. ಮಂಜಿನ ಮೇಲೆ ನಡೆದು ಕೆರೆ ನೋಡಲು ಹೋದದ್ದು ಅಮ್ಮನ ಅಪಾಯ. ಏರಿಸದ ಮಾತ್ರೆ ಅಮ್ಮನ ಅಪಾಯ ಅಲ್ಲ, ನಾನು ಅವರ ಹೆಸರಿನಲ್ಲಿ ಬರೆದ ಸಾಲ.

ನಮ್ಮ ಭಾಷೆಯಲ್ಲಿ ಯೋಗಕ್ಷೇಮ ಅಂತ ಒಂದು ಮಾತಿದೆ. ಎಲ್ಲೈಸಿಯ ಲಾಂಛನದಲ್ಲೂ ಇದೆ, ಹಾಗಾಗಿ ಅದು ಬರೀ ವಿಮೆಯ ಮಾತು ಅನ್ನಿಸಿಬಿಟ್ಟಿದೆ. ಇಲ್ಲದ್ದನ್ನು ಪಡೆಯೋದು ಯೋಗ, ಪಡೆದದ್ದನ್ನು ಕಾಪಾಡಿಕೊಳ್ಳೋದು ಕ್ಷೇಮ, ಎಂದು ಹಳಬರು ಬಿಡಿಸಿ ಹೇಳುತ್ತಿದ್ದರು. ಎರಡೂ ಜೋಡಿಯಾಗಿ ಬರುತ್ತವೆ. ನಾನು ಅಮ್ಮನಿಗೆ ಕೊಟ್ಟಿದ್ದು ಯೋಗ ಕಿತ್ತುಹಾಕಿದ ಕ್ಷೇಮ, ಬ್ಯಾಂಕ್ ಲಾಕರಿನಲ್ಲಿಟ್ಟ ಬಳೆಯ ಹಾಗೆ. ಹದಿಮೂರು ಸಾವಿರ ಕಿಲೋಮೀಟರ್ ದಾಟಿ ಬಂದವರು ಕಿಟಕಿ ನೋಡಿಕೊಂಡು ಕೂರಲಿಕ್ಕೆ ಬಂದಿದ್ದರಾ?

ಆದರೆ ಇಲ್ಲಿ ನನ್ನ ಪರವಾಗಿಯೂ ಒಂದು ಮಾತು ಹೇಳಬೇಕು. ಅಮ್ಮ ಬಿದ್ದಿದ್ದರೆ ಕೆಲಸ ಬಿಟ್ಟು ನೋಡಿಕೊಳ್ಳಬೇಕಾದವರು ನಾವು. ಆಸ್ಪತ್ರೆಯ ಬಿಲ್ಲು ಕಟ್ಟಲು ಮನೆ ಅಡ ಇಡಬೇಕಾಗಿ ಬರುತ್ತಿತ್ತೇನೋ. ಆ ಕಾಲು ಪೂರ್ತಿ ಅಮ್ಮನದೊಂದೇ ಅಂತ ಹೇಳಿಬಿಟ್ಟರೆ ಅದೂ ನಿಜ ಆಗಲ್ಲ. ಮನೆಯೊಳಗಿನ ಅಪಾಯ ಯಾವತ್ತೂ ಪಾಲಿನದು. ಪಾಲು ಅಂದಮೇಲೆ ಲೆಕ್ಕದ ಪುಸ್ತಕ ಇಬ್ಬರ ಮುಂದೆಯೂ ತೆರೆದಿರಬೇಕಲ್ವಾ?

ಆ ರಾತ್ರಿ ಮಾತ್ರೆಯ ವಿಷಯ ಹೇಳಿದೆ. ಅಮ್ಮ ಬಯ್ಯಲಿಲ್ಲ. ತುಂಬಾ ಹೊತ್ತು ಸುಮ್ಮನಿದ್ದು, ನಾನು ಯಾವ ಪಟ್ಟಿಯಲ್ಲೂ ಬರೆಯದಿದ್ದ ಪ್ರಶ್ನೆ ಕೇಳಿದರು. "ನಾನು ಇಲ್ಲೇ ಹೋಗ್ಬಿಟ್ರೆ ಏನ್ ಮಾಡ್ತೀಯಾ? ಊರಿಗೆ ತಗೊಂಡೋಗ್ತೀಯೋ, ಇಲ್ಲೇ ಮುಗಿಸ್ತೀಯೋ?" ಅವರ ಭಯ ಅದು. ಗುಂಡೇಟಿನದಲ್ಲ, ಮಂಜಿನದೂ ಅಲ್ಲ. ವಿಮೆಯಲ್ಲಿ ಶವ ಊರಿಗೆ ಸಾಗಿಸುವ ಖರ್ಚಿಗೂ ಒಂದು ಸಾಲು ಇತ್ತು, ನಾನು ಅದನ್ನು ಓದಿಯೂ ಇದ್ದೆ. ಅಮ್ಮನ ಜೊತೆ ಮಾತಾಡಬೇಕು ಅನ್ನಿಸಿರಲಿಲ್ಲ.

ಮರುದಿನ ಶೂ ಅಡಿಗೆ ಹಾಕಿಕೊಳ್ಳುವ ಮುಳ್ಳಿನ ಪಟ್ಟಿ ತಂದೆವು. ಫೋನು ಜೊತೆಗಿರಬೇಕು, ಮಳೆ ಬಿದ್ದು ಹೆಪ್ಪುಗಟ್ಟಿದ ದಿನ ಹೋಗೋದಿಲ್ಲ, ಇಷ್ಟಕ್ಕೆ ಅಮ್ಮ ಒಪ್ಪಿದರು. ಇಲ್ಲಿನ ಡಾಕ್ಟರಿಗೆ ನಮ್ಮದೇ ದುಡ್ಡಲ್ಲಿ ತೋರಿಸಿ ಮಾತ್ರೆಯ ಡೋಸ್ ಏರಿಸಿದ್ದಾಯಿತು.

ಎರಡನೇ ಸಲ ಬರುವ ಮೊದಲು ಪಾಲಿಸಿಯನ್ನು ಫೋನಿನಲ್ಲೇ ಕನ್ನಡದಲ್ಲಿ ಓದಿ ಹೇಳು ಅಂದರು. ಎರಡು ಸಂಜೆ ಹಿಡಿಯಿತು. ಆ 180 ದಿನದ ಸಾಲು ಬಂದಾಗ, "ತಡಿ, ಅದನ್ನ ಇನ್ನೊಂದ್ಸಲ ಓದು" ಅಂದರು. ಓದಿದೆ. ಪೆನ್ನಿಗಾಗಿ ಡ್ರಾಯರ್ ತಡಕಾಡುವ ಸದ್ದು ಕೇಳಿಸಿತು. ಹಳೇ ಕ್ಯಾಲೆಂಡರಿನ ಹಿಂದೆ ತಿಂಗಳು ಎಣಿಸಿಕೊಂಡು, "ಹೋದ ವಾರ ಡಾಕ್ಟ್ರು ಮತ್ತೆ ಮಾತ್ರೆ ಬದಲಾಯಿಸಿದಾರೆ ಕಣೋ. ಆರು ತಿಂಗಳು ಬಿಟ್ಟೇ ಬರ್ತೀನಿ. ಆ ಕೆರೆ ಎಲ್ಲೂ ಹೋಗಲ್ವಲ್ಲ" ಅಂದರು.