ರೋಗಿಯ ಸಿಟ್ಟು, ದಾದಿಯ ಸೈರಣೆ

ದಾದಿಗೆ ಸೈರಣೆಯೇ ಭೂಷಣವೆಂದು ಎಲ್ಲರೂ ಹೇಳುವರು. ರೋಗಿಯು ಬೈದರೆ ಕೇಳಿಯೂ ಕೇಳದಂತಿರಬೇಕು. ಮದ್ದಿನ ಬಟ್ಟಲನ್ನು ತಳ್ಳಿ ಚೆಲ್ಲಿದರೆ ನೆಲವನ್ನೊರಸಿ ಮತ್ತೊಂದನ್ನು ತರಬೇಕು. "ಪಾಪ, ಅವನದೇನು ತಪ್ಪು, ರೋಗ ಹಾಗೆ ಆಡಿಸುತ್ತದೆ" ಎಂದುಕೊಳ್ಳಬೇಕು. ಈ ಮಾತು ಕರುಣೆಯಿಂದ ಹುಟ್ಟಿದುದೆಂಬುದರಲ್ಲಿ ಸಂದೇಹವಿಲ್ಲ. ನ್ಯಾಯವಾದುದೇ ಎಂಬುದು ವಿಚಾರಾರ್ಹವಾಗಿದೆ.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಯ ನಾಲ್ಕು ಪಾದಗಳನ್ನು ನಿರೂಪಿಸುವಾಗ, ಪರಿಚಾರಕನಿಗೆ ಉಪಚಾರಜ್ಞಾನ, ದಕ್ಷತೆ, ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳನ್ನು ಹೇಳಿದೆ. ಸಹನೆಯ ಹೆಸರು ಆ ಎಣಿಕೆಯಲ್ಲಿಲ್ಲ. ರೋಗಿಯ ಗುಣಗಳಲ್ಲಾದರೋ ತನ್ನ ವ್ಯಾಧಿಯನ್ನು ತಿಳಿಯಪಡಿಸುವ ಶಕ್ತಿಯೂ ಒಂದು. ಸಿಟ್ಟು ಅನೇಕ ವೇಳೆ ಈ ತಿಳಿಯಪಡಿಸುವಿಕೆಯ ಒರಟು ರೂಪವೇ ಎಂದು ನನಗೆ ತೋರುತ್ತದೆ.

ಹೇಗೆಂದರೆ, ಶಸ್ತ್ರಚಿಕಿತ್ಸೆಯಾದ ಎರಡನೆಯ ರಾತ್ರಿ ವೃದ್ಧರೊಬ್ಬರು ಸಲೈನಿನ ನಳಿಗೆಯನ್ನು ಕಿತ್ತೆಸೆದು, ತಡೆಯಬಂದ ದಾದಿಯ ಕೈಗೆ ಹೊಡೆಯುವರು. ಇದು ಸನ್ನಿಯಾಗಿರಬಹುದು. ಕಟ್ಟಿದ ಮೂತ್ರ, ಒಳಗಿನ ಸೋಂಕು, ಪ್ರಾಣವಾಯುವಿನ ಕೊರತೆ ಇವುಗಳಲ್ಲಿ ಯಾವುದಾದರೂ ಅದಕ್ಕೆ ಕಾರಣವಿದ್ದೀತು. ಇನ್ಸುಲಿನ್ ಚುಚ್ಚಿಸಿಕೊಂಡ ಮಧುಮೇಹಿಯು ಊಟ ತಡವಾಗಿ, ಬೆವರುತ್ತ ಜಗಳಕ್ಕೆ ನಿಂತನೆಂದರೆ ರಕ್ತದ ಸಕ್ಕರೆ ಇಳಿದಿರಬಹುದು. ಇಂತಹಲ್ಲಿ ಬರಿದೆ ಸಹಿಸಿಕೊಂಡು ಸುಮ್ಮನಿರುವ ದಾದಿಯು ಪುಣ್ಯವತಿಯಲ್ಲ, ಅಲಕ್ಷ್ಯಗಾರಳು. ದೀಪವನ್ನು ಹೊತ್ತಿಸಿ, ಕನ್ನಡಕವನ್ನು ಕೊಟ್ಟು, "ಅಜ್ಜಾ, ಇದು ಆಸ್ಪತ್ರೆ, ನಾನು ದಾದಿ" ಎಂದು ಮೆಲುದನಿಯಲ್ಲಿ ತಿಳಿಸಿ, ಕೂಡಲೆ ಕಾರಣವನ್ನು ಹುಡುಕಿ ವೈದ್ಯರನ್ನು ಕರೆಯತಕ್ಕದ್ದು.

ಪಕ್ಕದ ಮಂಚದವನ ಸಂಗತಿಯೇ ಬೇರೆ. ಎಂಟು ಗಂಟೆಗೆ ಬರಬೇಕಾದ ನೋವಿನ ಮದ್ದು ಹತ್ತಾದರೂ ಬಂದಿಲ್ಲ, ಏಕೆಂದು ಹೇಳಿದವರಿಲ್ಲ. ಅವನು ಕೂಗಾಡುತ್ತಾನೆ. ಇದನ್ನೂ ರೋಗದ ತಲೆಗೆ ಕಟ್ಟುವುದು ಕರುಣೆಯಂತೆ ಕಂಡರೂ ಅವಮಾನವೇ ಸರಿ. ಆಂಗ್ಲ ತತ್ತ್ವಜ್ಞನಾದ ಪಿ. ಎಫ್. ಸ್ಟ್ರಾಸನ್ನನು 1962ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಇದರ ಮೂಲವನ್ನು ತೋರಿಸಿದ್ದಾನೆ: ಒಬ್ಬನ ನಡತೆಗೆ ನಾವು ಮುನಿಯುವುದನ್ನೇ ಬಿಟ್ಟು, ಅವನನ್ನು ಹೇಗೆ ನಿಭಾಯಿಸಬೇಕೆಂದು ಮಾತ್ರ ನೋಡತೊಡಗಿದಾಗ, ಅವನನ್ನು ಸಮಾನ ಮನುಷ್ಯನೆಂದು ಎಣಿಸುವುದನ್ನು ಆ ಮಟ್ಟಿಗೆ ನಿಲ್ಲಿಸಿರುತ್ತೇವೆ. ನೊಂದವನಿಗೆ ಬೇಕಾದುದು ಮಂದಹಾಸವಲ್ಲ; "ತಡವಾದದ್ದು ನಿಜ, ಯಜಮಾನರೆ, ಈಗಲೇ ವಿಚಾರಿಸಿ ಬರುತ್ತೇನೆ" ಎಂಬ ಉತ್ತರ, ಮತ್ತು ಮದ್ದು.

ಆದರೆ ನೆಟ್ಟಗೆ ಬುದ್ಧಿಯಿದ್ದು, ಹೆಣ್ಣೆಂದು ಸದರಮಾಡಿ ಹೊಲಸು ಮಾತಾಡುವವನೂ, ಕೈಯೆತ್ತುವವನೂ ಉಂಟು. ಅವನನ್ನು ಮನುಷ್ಯನೆಂದು ಎಣಿಸುವುದಾದರೆ ಅವನ ಕೃತ್ಯಕ್ಕೆ ಅವನೇ ಹೊಣೆಯೆಂದೂ ಹೇಳಬೇಕಷ್ಟೆ. ಕರ್ನಾಟಕದಲ್ಲಿ ವೈದ್ಯಕೀಯ ಸೇವೆಯವರ ಮೇಲಿನ ಹಿಂಸೆಯನ್ನು ನಿಷೇಧಿಸಿ 2009ರಲ್ಲಿ ಕಾಯಿದೆಯಾಯಿತು. ದಾದಿಯರೂ ಅದರ ರಕ್ಷಣೆಗೆ ಸೇರಿದವರು. ಆದರೆ ಮರುದಿನ ಮೇಲಿನವರು ಕರೆದು ಮೊದಲು ಕೇಳುವ ಪ್ರಶ್ನೆ "ನೀನೇನಮ್ಮ ಅಂದೆ ಅವನಿಗೆ?" ಎಂದಾದರೆ, ಕಾಯಿದೆಯಿದ್ದೂ ಆಕೆ ದೂರು ಬರೆಯಲಾರಳು.

ಹೊಡೆದವನ ಗಾಯಕ್ಕೂ ಹೊತ್ತಿಗೆ ಸರಿಯಾಗಿ ಕಟ್ಟು ಬದಲಿಸಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಅದನ್ನು ಹೊಡೆಸಿಕೊಂಡವಳೇ, ಒಬ್ಬಳೇ ಹೋಗಿ ಮಾಡಬೇಕೆಂದು ವಿಧಿಸುವುದು ಯಾವ ಧರ್ಮ? ಆ ದಿನ ಬೇರೊಬ್ಬ ದಾದಿಯು ಜತೆಯವರೊಡನೆ ಆ ಮಂಚದ ಬಳಿಗೆ ಹೋಗಲಿ. ರಾತ್ರಿಯ ಪಾಳಿಯಲ್ಲಿ ಅಂತಹ ಬೇರೊಬ್ಬಳು ಇರುವಂತೆ ಏರ್ಪಡಿಸುವುದು ಆಸ್ಪತ್ರೆಯನ್ನು ನಡೆಸುವವರ ಕೆಲಸ.