ಮೂರೂವರೆಗೆ ಕತ್ತಲಾಗುವ ಊರಲ್ಲಿ

ಡಿಸೆಂಬರ್‌ನಲ್ಲಿ ಗೋಥೆನ್‌ಬರ್ಗ್‌ನಲ್ಲಿ ಸೂರ್ಯ ಹುಟ್ಟೋದು ಒಂಬತ್ತು ಗಂಟೆಗೆ ಸ್ವಲ್ಪ ಮುಂಚೆ. ಮುಳುಗೋದು ಮಧ್ಯಾಹ್ನ ಮೂರೂವರೆ ಹೊತ್ತಿಗೆ. ಹುಟ್ಟೋದು, ಮುಳುಗೋದು ಅಂತ ಬರೆದೆನಾದರೂ ಅದು ಬರೀ ಪಂಚಾಂಗದ ಮಾತು. ಕಣ್ಣಿಗೆ ಕಾಣೋದು ಬೂದಿ ಬಣ್ಣದ ಆಕಾಶ, ಬೂದಿ ಬಣ್ಣದ ನದಿ, ಗಾಳಿಗೆ ಅಡ್ಡಡ್ಡ ಬೀಳುವ ಮಳೆ. ಸ್ವೀಡನ್ ಅಂದ ತಕ್ಷಣ ಊರಲ್ಲಿ ಎಲ್ಲರೂ ಹಿಮ ಅಂದ್ಕೊಳ್ತಾರೆ. ಹಿಮ ಬಿದ್ದರೆ ಪುಣ್ಯ, ಅದರ ಬಿಳುಪಿಗೆ ಒಂದಿಷ್ಟು ಬೆಳಕಾದರೂ ಆಗುತ್ತೆ. ಪಶ್ಚಿಮ ಕರಾವಳಿಯ ಈ ಊರಿಗೆ ಹೆಚ್ಚಾಗಿ ಬರೋದು ಮಳೆಯೇ.

ಇಂಥ ದಿನಗಳಿಗೆಂದೇ ಇಲ್ಲಿ ಉಪದೇಶಗಳ ದೊಡ್ಡ ಕಂತೆ ಇದೆ. ಮೇಣದಬತ್ತಿ ಹಚ್ಚಿ, ಉಣ್ಣೆಯ ಕಾಲುಚೀಲ ಹಾಕ್ಕೊಳ್ಳಿ, ಮಧ್ಯಾಹ್ನ ಹೊರಗೆ ನಡೆದು ಬನ್ನಿ. ನಡೆಯೋ ಮಾತಿನಲ್ಲಿ ಹುರುಳಿದೆ. ಆಫೀಸಿನ ಒಳಗಿನ ಬೆಳಕು ಸುಮಾರು 500 ಲಕ್ಸ್. ಮೋಡ ಮುಚ್ಚಿದ ಮಧ್ಯಾಹ್ನವೂ ಹೊರಗೆ ಅದಕ್ಕಿಂತ ಹೆಚ್ಚೇ ಇರುತ್ತೆ. ಚಳಿಗಾಲದ ಖಿನ್ನತೆಗೆ ವೈದ್ಯರು ಹೇಳೋ ದೀಪ 10,000 ಲಕ್ಸ್‌ನದು, ಬೆಳಿಗ್ಗೆ ಎದ್ದು ಅರ್ಧ ಗಂಟೆ ಅದರ ಮುಂದೆ ಕೂರಬೇಕು. ನಾರ್ಮನ್ ರೋಸೆಂತಾಲ್ ಮತ್ತು ಅವರ ಸಂಗಡಿಗರು 1984ರಲ್ಲಿ ಈ ಕಾಯಿಲೆಯನ್ನು ಹೆಸರಿಟ್ಟು ವಿವರಿಸಿದರು. ಹಾಸಿಗೆ ಬಿಟ್ಟು ಏಳೋಕೇ ಆಗದವರು ವೈದ್ಯರ ಹತ್ತಿರ ಹೋಗಬೇಕು, ಅದು ಕಾಲುಚೀಲದಿಂದ ವಾಸಿಯಾಗೋದಲ್ಲ.

ನನ್ನ ತೊಂದರೆ ಬೇರೆ ಇತ್ತು. ಹೋದ ವರ್ಷ ಅಕ್ಟೋಬರ್ ಕೊನೆಗೆ ಅಪ್ಪ ತೀರಿಕೊಂಡರು. ನಾನು ತುಮಕೂರು ಮುಟ್ಟೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ಹನ್ನೊಂದನೇ ದಿನದ ತಿಥಿ ಮುಗಿಸಿಕೊಂಡು, ಅಮ್ಮನನ್ನು ಅಷ್ಟು ದೊಡ್ಡ ಮನೇಲಿ ಒಬ್ಬಳನ್ನೇ ಬಿಟ್ಟು ವಾಪಸ್ ಬಂದೆ. ಆಮೇಲೆ ಡಿಸೆಂಬರ್ 13, ಇಲ್ಲಿಯವರ ಲೂಸಿಯಾ ದಿನ. ಬೆಳಿಗ್ಗೆ ಕತ್ತಲಲ್ಲೇ ಮಕ್ಕಳು ಬಿಳಿ ನಿಲುವಂಗಿ ತೊಟ್ಟು, ದೀಪ ಹಿಡಿದು ಹಾಡ್ತಾ ಬರ್ತಾರೆ. ಕೇಸರಿ ಹಾಕಿದ ಬನ್ ಹಂಚುತ್ತಾರೆ. ಬಿಸಿ ಬಿಸಿ ಬನ್ ಕಚ್ಚಿದೆ. ಅರ್ಧ ನಿಮಿಷ ಇರಬಹುದು, ಕಾಲಿನ ಬೆರಳಿಂದ ನೆತ್ತಿ ತನಕ ಖುಷಿ ಹತ್ತಿಕೊಂಡು ಬಂತು. ಅದರ ಹಿಂದೆಯೇ ನಾಚಿಕೆ. ಅಪ್ಪ ಹೋಗಿ ಎರಡು ತಿಂಗಳೂ ಆಗಿಲ್ಲ, ಇದೇನಿದು ನನ್ನ ಬಾಯಿ ಚಪಲ ಅಂತ. ಅವತ್ತು ಅಮ್ಮ ಫೋನಲ್ಲಿ ಏನು ತಿಂದೆ ಅಂದಾಗ "ಏನೋ ಬ್ರೆಡ್ಡು" ಅಂದೆ.

ಸಾವಾದ ಮನೆಯಲ್ಲಿ ವರ್ಷ ತುಂಬೋವರೆಗೆ ಹಬ್ಬ ಮಾಡೋದಿಲ್ಲ. ಅದು ಒಂಥರಾ ಅನುಕೂಲದ ನಿಯಮ. ಎಲ್ಲಿ ಶುರು, ಎಲ್ಲಿ ಕೊನೆ ಅನ್ನೋದು ಗೊತ್ತಿರುತ್ತೆ. ಆದರೆ ಬಿಸಿ ಬನ್ನಿಗೆ, ಒಳ್ಳೆ ಕಾಫಿಗೆ, ನಡು ಮಧ್ಯಾಹ್ನ ಮೋಡ ಸೀಳಿ ಬಂದ ಒಂದು ಗೆರೆ ಬಿಸಿಲಿಗೆ ಯಾವ ಸೂತಕ? ಎಷ್ಟು ದಿನ? ಯಾವ ಪುರೋಹಿತರೂ ಹೇಳಿಲ್ಲ.

ಆ ದಿನಗಳಲ್ಲಿ ಪದೇ ಪದೇ ನೆನಪಾಗ್ತಿದ್ದದ್ದು ನಾರ್ವೆಯ ರ್ಯುಕಾನ್. ಕೆಲವು ವರ್ಷಗಳ ಹಿಂದೆ ಒಂದು ಫೆಬ್ರವರಿಯಲ್ಲಿ ಅಲ್ಲಿಗೆ ಹೋಗಿದ್ದೆ. ಆಳವಾದ ಕಣಿವೆಯ ತಳದಲ್ಲಿರೋ ಊರು. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ನಡುವಿನ ತನಕ ಬೆಟ್ಟ ಅಡ್ಡ ಬಂದು ಊರಿಗೆ ಬಿಸಿಲೇ ಬೀಳೋದಿಲ್ಲ. ಜಲಪಾತದ ವಿದ್ಯುತ್ ನಂಬಿ ಕಾರ್ಖಾನೆ ಹಾಕಿದ ಒಂದು ಕಂಪನಿ ಕಟ್ಟಿಸಿದ ಊರದು. ಜನ ಬಿಸಿಲು ನೋಡಿ ಬರಲಿ ಅಂತ ಆ ಕಂಪನಿಯೇ 1928ರಲ್ಲಿ ಬೆಟ್ಟಕ್ಕೆ ರೋಪ್‌ವೇ ಹಾಕಿಸಿಕೊಟ್ಟಿತು. ದಯೆಯೋ, ಬಿಸಿಲು ಕಂಡವನು ಮಾರನೇ ದಿನ ಚೆನ್ನಾಗಿ ದುಡೀತಾನೆ ಅನ್ನೋ ಲೆಕ್ಕವೋ? ಎರಡೂ ಇದ್ದಿರಬಹುದು. 2013ರಲ್ಲಿ ಬೆಟ್ಟದ ಮೇಲೆ, ಊರಿಂದ ಸುಮಾರು 450 ಮೀಟರ್ ಎತ್ತರದಲ್ಲಿ, ಮೂರು ದೊಡ್ಡ ಕನ್ನಡಿ ನಿಲ್ಲಿಸಿದರು. ಅವು ಸೂರ್ಯನ ಜೊತೆ ತಿರುಗುತ್ತಾ ಊರಿನ ಚೌಕಕ್ಕೆ ಬಿಸಿಲು ಹಾಯಿಸುತ್ತವೆ. ಊರಿಗೆಲ್ಲ ಅಲ್ಲ, ಚೌಕದಲ್ಲಿ ಒಂದು ತುಂಡು ಜಾಗಕ್ಕೆ. ದುಡ್ಡು ದಂಡ ಅಂತ ವಿರೋಧಿಸಿದವರೂ ಊರಲ್ಲಿ ಬೇಕಾದಷ್ಟು ಜನ ಇದ್ದರಂತೆ. ನಾನು ಹೋದಾಗ ವಯಸ್ಸಾದ ಹೆಂಗಸೊಬ್ಬರು ಸಾಮಾನಿನ ಚೀಲ ಕಾಲ ಹತ್ತಿರ ಇಟ್ಟು, ಆ ಬಿಸಿಲಲ್ಲಿ ಕಣ್ಣು ಮುಚ್ಚಿ ನಿಂತಿದ್ದರು. ಅವರ ಮನೇಲಿ ಏನೇನಿತ್ತೋ, ಯಾರು ಕಂಡರು?

ಜನವರಿಯಲ್ಲಿ ಒಂದು ದಿನ ಅಮ್ಮ ವಿಡಿಯೋ ಕಾಲ್ ಮಾಡಿದ್ದಳು. ಎಂದಿನ ಹಾಗೆ ಅರ್ಧ ಮುಖ, ಉಳಿದದ್ದು ಅಡುಗೆಮನೆ ಸೂರು. ಫೋನ್ ವಾಲಿದಾಗ ಹಿಂದೆ ಮೊರ ಕಾಣಿಸ್ತು.

"ಏನಮ್ಮ ಅದು, ಮೊರದಲ್ಲಿ?"

"ಏನಿಲ್ಲ ಕಣೇ." ಫೋನ್ ಆ ಕಡೆ ತಿರುಗಿತು. ಸ್ವಲ್ಪ ಹೊತ್ತು ಬಿಟ್ಟು, "ಅವರೆಕಾಯಿ. ಗಾಡಿಯವನ ಹತ್ರ ಸೊಗಡು ಚೆನ್ನಾಗಿತ್ತು, ತಗೊಂಡೆ. ನೆನ್ನೆ ಹಿತಕಿದ ಬೇಳೆ ಸಾರು ಮಾಡಿದ್ದೆ. ಎರಡು ಸಲ ಹಾಕ್ಕೊಂಡು ತಿಂದೆ. ನಿಂಗೆ ಹೇಳಬಾರದು ಅಂತಿದ್ದೆ."

"ಯಾಕಮ್ಮ?"

"ನೀನು ಅಲ್ಲಿ ಕತ್ತಲಲ್ಲಿ ಅಳ್ತಾ ಕೂತಿರ್ತೀಯ. ನಾನಿಲ್ಲಿ ಸಾರು ತಿಂದ್ಕೊಂಡು…"

ಆಗ ಬನ್ನಿನ ವಿಷಯ ಹೇಳಿದೆ. ಅಮ್ಮ ಕೇಳಿದ್ದು ಒಂದೇ, "ಅಷ್ಟೊಂದು ಜನಕ್ಕೆ ಹಂಚೋಕೆ ಕೇಸರಿ ಎಷ್ಟು ಹಾಕ್ತಾರೆ? ದುಬಾರಿ ಅಲ್ವಾ?"

ಅಲ್ಲಿಗೆ ತಿಂಗಳಾನುಗಟ್ಟಲೆ ನಾವಿಬ್ಬರೂ ಒಬ್ಬರಿಗೊಬ್ಬರು ಬರೀ ದುಃಖವನ್ನೇ ತೋರಿಸ್ತಾ ಬಂದಿದ್ವಿ. ಪ್ರೀತಿಯಿಂದಲೇ ಮಾಡಿದ್ದು, ಆದರೆ ಫಲ ಏನು? ಮಗಳು ಅಳ್ತಾ ಕೂತಿದ್ದಾಳೆ ಅಂತ ಅಮ್ಮ, ಅಮ್ಮ ಊಟ ಬಿಟ್ಟಿದ್ದಾಳೆ ಅಂತ ನಾನು, ಇಬ್ಬರೂ ಇಲ್ಲದ ಚಿತ್ರ ನೋಡ್ಕೊಂಡು ಕೊರಗಿದ್ದು. ಮುಚ್ಚಿಟ್ಟ ಖುಷಿಯೂ ಒಂದು ಸುಳ್ಳೇ ಅಂತ ಆವತ್ತು ಅನ್ನಿಸ್ತು.

ಹಾಗಂತ ಲೆಕ್ಕ ಅಲ್ಲಿಗೇ ಚುಕ್ತಾ ಆಗಲಿಲ್ಲ. ಅವರೆಕಾಳು ಅಂದ್ರೆ ಅಪ್ಪನಿಗೆ ಪ್ರಾಣ. ಅಮ್ಮ ತಿಂದ ಒಂದೊಂದು ತುತ್ತಿನಲ್ಲೂ ಅವರಿದ್ದರು. ನನ್ನ ಬನ್ನಿನಲ್ಲಿ ಅಪ್ಪ ಇರಲಿಲ್ಲ. ಅವರು ಅದನ್ನು ನೋಡಿಯೂ ಇರಲಿಲ್ಲ. ಆ ಅರ್ಧ ನಿಮಿಷ ನಾನು ಅವರನ್ನು ಮರೆತಿದ್ದೆ ಅನ್ನೋದೇ ಸರಿ. ನೆನಪು ಬೆರೆತ ಖುಷಿಯನ್ನು ಯಾರಾದರೂ ಒಪ್ತಾರೆ. ನೆನಪೇ ಇಲ್ಲದ, ಬರೀ ನಾಲಿಗೆಯ ಖುಷಿಗೆ ಏನು ಸಮಾಧಾನ ಹೇಳೋದು? ತುಂಬಾ ದಿನ ಯೋಚಿಸಿದ್ದೇನೆ. ಖುಷಿ ಬಂದಾಗಲೆಲ್ಲ ಮೊದಲು ಅಪ್ಪನ ಹತ್ತಿರ ರಸೀದಿ ಬರೆಸಿಕೊಂಡು ಬಾ ಅಂದರೆ ಅಪ್ಪನನ್ನು ಸುಂಕದಕಟ್ಟೆಯಲ್ಲಿ ಕೂರಿಸಿದ ಹಾಗಾಗುತ್ತೆ. ನಮ್ಮಪ್ಪ ಸುಂಕದವರಾಗಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಾನು ಎರಡನೇ ಐಸ್‌ಕ್ರೀಮ್ ಕೇಳಿದರೆ ಅಮ್ಮನಿಗೆ ಕಾಣದ ಹಾಗೆ ಕೊಡಿಸ್ತಿದ್ದ ಮನುಷ್ಯ.

ಈ ಸಲದ ಚಳಿಗಾಲಕ್ಕೆ ಇಲ್ಲಿಯ ಇಂಡಿಯನ್ ಅಂಗಡಿಯಲ್ಲಿ ಫ್ರೋಜನ್ ಅವರೆಕಾಳು ಸಿಕ್ಕಿದೆ. ಸೊಗಡು ಇಲ್ಲ, ಹಿತಕೋಕೆ ಹೋದರೆ ಬೇಳೆ ಹಾರಿ ನೆಲಕ್ಕೆ ಬೀಳುತ್ತೆ. ಹೊರಗೆ ಮೂರೂ ಮುಕ್ಕಾಲು, ಬೀದಿ ದೀಪ ಹತ್ತಿಯಾಗಿದೆ. ತುಮಕೂರಿನಲ್ಲಿ ರಾತ್ರಿ ಎಂಟೂಕಾಲು. ಅಮ್ಮ ಈಗ ಫೋನನ್ನು ಮೊರದ ಕಡೆ ತಿರುಗಿಸಿಯೇ ಮಾತು ಶುರು ಮಾಡ್ತಾಳೆ.